ಕಾಳು ಕಾಳಾಗಿ ಎಣಿಸುವ ಡಿಟೆಕ್ಟರ್

ಎಲ್ಲರಿಗೂ ನಮಸ್ಕಾರ.

ಕಡಲೆಯನ್ನು ಎರಡು ರೀತಿ ಲೆಕ್ಕ ಹಾಕಬಹುದು. ಸೇರಿನಲ್ಲಿ ಅಳೆಯಬಹುದು. ಇಲ್ಲವೇ ಒಂದೊಂದೇ ಕಾಳು ಎಣಿಸಿ, ದಪ್ಪ ಎಷ್ಟು, ಸಣ್ಣದು ಎಷ್ಟು ಅಂತ ಬೇರೆ ಮಾಡಬಹುದು. ಅಂಗಡಿಯಲ್ಲಿ ಯಾರೂ ಹಾಗೆ ಎಣಿಸುತ್ತಾ ಕೂರುವುದಿಲ್ಲ, ಅಲ್ವಾ? ಆದರೆ ಎಕ್ಸ್-ರೇ, ಗಾಮಾ ಕಿರಣಗಳ ವಿಷಯದಲ್ಲಿ ಎಣಿಸಿದರೇ ಲಾಭ. ಆ ಕಿರಣಗಳ ಒಂದೊಂದು ಕಾಳಿಗೆ ಫೋಟಾನ್ ಅಂತ ಹೆಸರು.

ಎಣಿಸುವುದು ಹೊಸದೇನಲ್ಲ. ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಕೂಡ ಎಣಿಸುತ್ತದೆ. ಬಂದ ಕಾಳು ದಪ್ಪವೋ ಸಣ್ಣದೋ, ಅಂದರೆ ಅದರ ಶಕ್ತಿ ಹೆಚ್ಚೋ ಕಡಿಮೆಯೋ ಅಂತ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಜರ್ಮೇನಿಯಂ ಹರಳಿಗೆ ಅದು ಬಹಳ ಚೆನ್ನಾಗಿ ಗೊತ್ತು. ಆದರೆ ಅದಕ್ಕೆ ಸೆಖೆ ಆಗಿಬರುವುದಿಲ್ಲ. ಕೋಣೆಯ ಬಿಸಿಗೇ ಅದರೊಳಗಿನ ಎಲೆಕ್ಟ್ರಾನುಗಳು ಎದ್ದು ಓಡಾಡಿ ಗದ್ದಲ ಎಬ್ಬಿಸುತ್ತವೆ. ನಾನು ಎಂ.ಎಸ್ಸಿ. ಓದುವಾಗ ನಮ್ಮ ಲ್ಯಾಬಿನಲ್ಲಿ ಅಂಥದ್ದೊಂದು ಇತ್ತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಸೋಮವಾರ ಸೋಮವಾರ ತುಂಬಿಸಬೇಕಿತ್ತು. ದಪ್ಪ ಕೈಗವಸು ಹಾಕಿಕೊಂಡು ಸುರಿಯುವಾಗ ಬಿಳೀ ಹೊಗೆ ಕಾಲ ಮೇಲೆಲ್ಲ ಹರಿಯುತ್ತಿತ್ತು. ಇಷ್ಟು ಉಪಚಾರ ಬೇಡುವ ಯಂತ್ರವನ್ನು ಉಪಗ್ರಹದಲ್ಲಿಟ್ಟು ಕಳಿಸುವುದು ಸುಲಭವೇ?

ಆ ತೊಂದರೆಯನ್ನು ಬಹಳ ಮಟ್ಟಿಗೆ ನೀಗಿಸಿದ್ದು ಕ್ಯಾಡ್ಮಿಯಂ, ಝಿಂಕ್, ಟೆಲ್ಯೂರಿಯಂ ಸೇರಿಸಿ ಬೆಳೆಸಿದ ಹರಳು. ಚಿಕ್ಕದಾಗಿ ಸಿಝಡ್‌ಟಿ ಅಂತೀವಿ. ಇದರಲ್ಲಿ ಎಲೆಕ್ಟ್ರಾನುಗಳ ಕಟ್ಟು ಗಟ್ಟಿ. ಕೋಣೆಯ ಬಿಸಿಗೆ ಸುಮ್ನೆ ಕಳಚಿಕೊಳ್ಳುವುದಿಲ್ಲ. 60 ಕಿಲೋ ಎಲೆಕ್ಟ್ರಾನ್‌ವೋಲ್ಟಿನ (ಇದು ಫೋಟಾನಿನ ಶಕ್ತಿಯ ಅಳತೆ) ಒಂದು ಫೋಟಾನ್ ಬಿದ್ದರೆ ಸುಮಾರು 13,000 ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವನ್ನು ಲೆಕ್ಕ ಹಾಕಿದರೆ ಫೋಟಾನಿನ ಶಕ್ತಿ ಸಿಕ್ಕಿತು.

ಒಂದು ತೊಡಕಿದೆ. ಎಲೆಕ್ಟ್ರಾನ್ ಎದ್ದುಹೋದ ಖಾಲಿ ಜಾಗವೂ ಹರಳಿನೊಳಗೆ ಎದುರು ದಿಕ್ಕಿಗೆ ಸಾಗುತ್ತದೆ. ಅದಕ್ಕೆ ಹೋಲ್ ಅಂತ ಹೆಸರು. ಅದರ ನಡಿಗೆ ನಿಧಾನ, ದಾರಿಯಲ್ಲೇ ಸಿಕ್ಕಿಬೀಳುವುದು ಜಾಸ್ತಿ. ಆಗ ಲೆಕ್ಕ ತಪ್ಪುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ಸಿಗ್ನಲ್ ಹಿಡಿಯುವ ಪಟ್ಟಿಯನ್ನು ಸಣ್ಣ ಸಣ್ಣ ಪಿಕ್ಸೆಲ್‌ಗಳಾಗಿ ಒಡೆದರು. ಪಿಕ್ಸೆಲ್ ಚಿಕ್ಕದಾದಾಗ, ಎಲೆಕ್ಟ್ರಾನ್ ತೀರಾ ಹತ್ತಿರ ಬಂದಾಗಲೇ ಸಿಗ್ನಲ್‌ನ ದೊಡ್ಡ ಪಾಲು ಹುಟ್ಟುತ್ತದೆ. ಹಿಂದುಳಿದ ಹೋಲ್‌ನಿಂದ ಆಗುವ ನಷ್ಟ ಕಡಿಮೆ. ಫೋಟಾನ್ ಎಲ್ಲಿ ಬಿತ್ತು ಅನ್ನುವುದೂ ಜೊತೆಗೇ ತಿಳಿಯುತ್ತದೆ.

2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಇಂಥ 64 ತುಂಡುಗಳಿವೆ. ಒಂದೊಂದೂ 4 ಸೆಂಟಿಮೀಟರ್ ಚೌಕ, ದಪ್ಪ 5 ಮಿಲಿಮೀಟರ್. ಬೆಂಕಿಪೊಟ್ಟಣಕ್ಕಿಂತ ತೆಳು. ಅಷ್ಟರಲ್ಲೇ 256 ಪಿಕ್ಸೆಲ್, ಪ್ರತಿಯೊಂದೂ ಒಂದು ಎಳ್ಳುಕಾಳಿನಷ್ಟು. ಒಟ್ಟು 16,384. ಒಂದು ಪಿಕ್ಸೆಲ್‌ಗೆ ಬಡಿದ ಫೋಟಾನ್ ಕೆಲವೊಮ್ಮೆ ಚಿಮ್ಮಿ ಪಕ್ಕದ್ದಕ್ಕೆ ಬೀಳುತ್ತದೆ. ಎರಡೂ ಒಟ್ಟಿಗೆ ಮಿಡಿಯುತ್ತವೆ. ಯಾವ ದಿಕ್ಕಿಗೆ ಹೆಚ್ಚು ಚಿಮ್ಮುತ್ತವೆ ಎಂದು ನೋಡಿದರೆ ಕಿರಣದ ಧ್ರುವೀಕರಣ, ಅಂದರೆ ಅದರ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಅನ್ನುವುದು, ಗೊತ್ತಾಗುತ್ತದೆ. ನಕ್ಷತ್ರವೊಂದು ಸಿಡಿದ ಮೇಲೆ ಉಳಿದ ತಿರುಳಾದ, ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಾ ಕಿರಣ ಬೀರುವ ಕ್ರ್ಯಾಬ್ ಪಲ್ಸಾರ್‌ನ ಧ್ರುವೀಕರಣವನ್ನು ಹೀಗೇ ಅಳೆದು 2017ರಲ್ಲಿ ಪ್ರಕಟಿಸಿದರು. ಪಲ್ಸಾರ್‌ನ ಮಿಂಚು ನಮ್ಮ ಕಡೆ ಬೀಳದ ಹೊತ್ತಿನಲ್ಲೂ ಧ್ರುವೀಕರಣ ಬದಲಾಗುತ್ತಿತ್ತು. ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಹಳೆಯದನ್ನೆಲ್ಲ ಬಿಸಾಡಬೇಕು ಅಂತಲ್ಲ. 2024ರ ಜನವರಿ 1ರಂದು ಹಾರಿದ ಇಸ್ರೋ ಉಪಗ್ರಹ ಎಕ್ಸ್‌ಪೋಸ್ಯಾಟ್‌ಗಾಗಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ, ಧ್ರುವೀಕರಣ ಅಳೆಯುವ ಉಪಕರಣ ಪೋಲಿಕ್ಸ್‌ನಲ್ಲಿ ಅನಿಲ ತುಂಬಿದ ಕೌಂಟರುಗಳೇ ಇವೆ. 8ರಿಂದ 30 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಕೆಲಸಕ್ಕೆ ಅವು ಚೆನ್ನಾಗಿ ಒಗ್ಗುತ್ತವೆ.

ಇನ್ನು ಆಸ್ಪತ್ರೆ. ಮಾಮೂಲಿ ಸಿಟಿ ಸ್ಕ್ಯಾನ್ ಸೇರಿನ ಲೆಕ್ಕದ್ದು. ಎಕ್ಸ್-ರೇ ಮೊದಲು ಬೆಳಕಾಗುತ್ತದೆ, ಆಮೇಲೆ ಆ ಬೆಳಕನ್ನು ಒಟ್ಟಿಗೆ ಅಳೆಯುತ್ತಾರೆ. ಬೆಳಕು ಪಕ್ಕಕ್ಕೆ ಸೋರದಿರಲು ನಡುವೆ ಗೋಡೆ ಬೇಕು, ಗೋಡೆ ಜಾಗ ತಿನ್ನುತ್ತದೆ. ಫೋಟಾನ್ ಎಣಿಸುವ ಮೊದಲ ಸಿಟಿ ಯಂತ್ರಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿರುವುದು ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು. ಗೋಡೆ ಬೇಡ, ಪಿಕ್ಸೆಲ್ ಸಣ್ಣದು. ಶಕ್ತಿಯೂ ತಿಳಿಯುವುದರಿಂದ ರಕ್ತನಾಳದಲ್ಲಿನ ಸುಣ್ಣದ ಅಂಶ ಯಾವುದು, ಚಿತ್ರ ಸ್ಪಷ್ಟವಾಗಲೆಂದು ಚುಚ್ಚಿದ ಅಯೋಡಿನ್ ಯಾವುದು ಅಂತ ಬೇರೆ ಮಾಡಬಹುದು.

ಹಾಗಾದರೆ ಎಲ್ಲ ಊರಿನ ಆಸ್ಪತ್ರೆಗೂ ಯಾಕೆ ಬಂದಿಲ್ಲ? ಹರಳೇ ಕಾರಣ. ಕುಲುಮೆಯಲ್ಲಿ ಅದು ಬಹಳ ನಿಧಾನವಾಗಿ ಬೆಳೆಯಬೇಕು. ಒಳಗೆಲ್ಲೋ ಟೆಲ್ಯೂರಿಯಂ ಹನಿ ಕಟ್ಟಿಕೊಂಡರೆ ಎಲೆಕ್ಟ್ರಾನುಗಳು ಅಲ್ಲೇ ಸಿಕ್ಕಿಬೀಳುತ್ತವೆ, ಆ ಭಾಗವನ್ನು ಎಸೆಯಬೇಕು. ನಿಮ್ಮಲ್ಲಿ ಕೆಮಿಸ್ಟ್ರಿ, ಮೆಟೀರಿಯಲ್ ಸೈನ್ಸ್ ಓದುತ್ತಿರುವವರು ಇದ್ದೀರಲ್ಲ, ನಿಮಗೇ ಹೇಳುತ್ತಿದ್ದೇನೆ: ದಯವಿಟ್ಟು ಈ ಕುಲುಮೆಯ ಕೆಲಸಕ್ಕೆ ಬನ್ನಿ.