ಸದಸ್ಯರ ಪಟ್ಟಿ ಯಾರ ಹತ್ತಿರ ಇದೆ?

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಈಗ ಕನ್ನಡದ ಸಣ್ಣ ಸಣ್ಣ ಬಳಗಗಳು ಜಾಸ್ತಿ ಆಗುತ್ತಿವೆ. ಡೊಂಬಿವಲಿಯ ಕಡೆ ಕವಿತೆ ಓದುವವರು, ನಾಲಾಸೋಪಾರಾದ ಕಡೆ ಕಿರುಚಿತ್ರ ಮಾಡುವವರು, ಲೋಕಲ್‌ನಲ್ಲಿ ನಿಂತುಕೊಂಡೇ ಪಾಡ್‌ಕಾಸ್ಟ್ ಎಡಿಟ್ ಮಾಡುವವರು. ಇಂಥವರು ಸಿಕ್ಕಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಸದಸ್ಯರ ಪಟ್ಟಿ ಯಾರ ಹತ್ತಿರ ಇದೆ?

'ವಾಟ್ಸಾಪ್ ಗ್ರೂಪ್‌ನಲ್ಲೇ ಇದೆಯಲ್ಲ' ಅನ್ನುತ್ತಾರೆ. ತೊಂದರೆ ಇರುವುದೂ ಅಲ್ಲೇ.

2004ರಲ್ಲಿ ಶುರುವಾದ, ಫೇಸ್‌ಬುಕ್‌ನಂಥ ಜಾಲತಾಣ ಆರ್ಕುಟ್‌ನಲ್ಲಿ ಕನ್ನಡದ ಎಷ್ಟೋ ಗುಂಪುಗಳಿದ್ದವು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 2020ರ ಜೂನ್ 29ರಂದು ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಕೂಡ ಒಂದು. ನಿಷೇಧ ಸರಿಯೋ ತಪ್ಪೋ, ಆ ಮಾತು ಇಲ್ಲಿ ಬೇಡ. ಅಲ್ಲಿ ವರ್ಷಗಟ್ಟಲೆ ನೋಡುಗರನ್ನು ಸೇರಿಸಿದವರಿಗೆ ಅವರ ವಿಳಾಸವೇ ಗೊತ್ತಿರಲಿಲ್ಲ. ಮುಂಬೈಯ ಬಾಡಿಗೆ ಮನೆಗಾದರೂ 11 ತಿಂಗಳ ಕರಾರು ಇರುತ್ತದೆ. ಆಪ್‌ನ ಖಾತೆಗೆ ಅಷ್ಟೂ ಇಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಮುಂಬೈಯ ಹಳೆಯ ಸಂಘಗಳನ್ನೇ ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮ್‌ನ ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರ ಊರು ಇದು. ಕೈಯಲ್ಲಿ ದುಡ್ಡಿರಲಿಲ್ಲ, ಆದರೆ ವಂತಿಗೆ ಪುಸ್ತಕ ಇತ್ತು, ರಸೀದಿ ಇತ್ತು, ವರ್ಷಕ್ಕೊಂದು ಮಹಾಸಭೆ ಇತ್ತು. ಆ ಸಭೆಯಲ್ಲಿ ಜಗಳವೂ ಇರುತ್ತಿತ್ತು ಅನ್ನಿ. ಇರಲಿ, ಲೆಕ್ಕ ಕೇಳುವವರು ಇದ್ದರೆ ತಾನೇ ಜಗಳ?

ಈಗಿನವರು ಹಣ ಅಂದ ಕೂಡಲೇ ಯೂಟ್ಯೂಬ್ ಜಾಹೀರಾತಿನ ಕಡೆ ನೋಡುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಉದ್ದ ವಿಡಿಯೋಗಳ ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ನಿಮ್ಮದು 20 ನಿಮಿಷದ ಕತೆ ಓದುವ ವಿಡಿಯೋ ಅಂತಿಟ್ಟುಕೊಳ್ಳಿ. ಜನ ಅದನ್ನು ಕೊನೆಯವರೆಗೆ 12,000 ಸಲ ನೋಡಬೇಕು! ಅದಾದ ಮೇಲೂ ಕೈಗೆ ಬರುವುದು ಎಷ್ಟು ಅನ್ನುವುದು ನಿಮ್ಮ ಹಿಡಿತದಲ್ಲಿಲ್ಲ. ಆಗ ಬಳಗ ಮೆಲ್ಲಗೆ ಕತೆ ಬಿಟ್ಟು, ಜನ ಒತ್ತುವಂಥ ತಲೆಬರಹ ಹುಡುಕತೊಡಗುತ್ತದೆ.

ಅದರ ಬದಲು 100 ಜನ ತಿಂಗಳಿಗೆ 100 ರೂಪಾಯಿ ಕೊಟ್ಟರೆ 10,000 ರೂಪಾಯಿ. ಒಂದು ಸಣ್ಣ ಹಾಲ್, ಒಂದು ಒಳ್ಳೆಯ ಮೈಕ್, ಚಹಾ ಖರ್ಚಿಗೆ ಸಾಕಲ್ವಾ? ಯುಪಿಐ ಬಂದ ಮೇಲೆ ವಸೂಲಿಯೂ ಸುಲಭ. ಆದರೆ ಆ ಹಣ ಯಾರೋ ಒಬ್ಬರ ಸ್ವಂತ ಖಾತೆಗೆ ಬೀಳಬಾರದು. ಸಂಘವನ್ನು ನೋಂದಾಯಿಸಲು ಏಳು ಜನ ಸಾಕು. 1860ರ ಸಂಘಗಳ ನೋಂದಣಿ ಕಾಯಿದೆಯಲ್ಲೇ ಹಾಗಿದೆ. ಮಹಾರಾಷ್ಟ್ರದಲ್ಲಿ ಅದರ ಜೊತೆ ಸಾರ್ವಜನಿಕ ಟ್ರಸ್ಟ್ ಅಂತಲೂ ನೋಂದಾಯಿಸಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಬೇಜಾರಿನ ಕೆಲಸ, ನಿಜ. ಅದಕ್ಕೆಂದೇ ಬಳಗದಲ್ಲಿ ಒಬ್ಬ ಬ್ಯಾಂಕಿನವರಿರಲಿ. ಅವರು ಕವಿತೆ ಬರೆಯದಿದ್ದರೂ ಪರವಾಗಿಲ್ಲ, ಬರೆಯದಿದ್ದರೆ ಇನ್ನೂ ಒಳ್ಳೆಯದು.

ಉಳಿದದ್ದು ಸಣ್ಣದು. ಹೆಸರು, ಫೋನ್, ಇಮೇಲ್ ಇರುವ ಪಟ್ಟಿ ಆಪ್‌ನ ಹೊರಗೂ ಇರಲಿ, ಇಬ್ಬರ ಹತ್ತಿರ ಇರಲಿ. ಪಾಸ್‌ವರ್ಡೂ ಹಾಗೇ. ಮೂಲ ರೆಕಾರ್ಡಿಂಗ್ ಹಾರ್ಡ್‌ಡಿಸ್ಕ್‌ನಲ್ಲಿ ಉಳಿಯಲಿ. ಕತೆ ಯಾರದು, ದನಿ ಯಾರದು, ಮುಂದೆ ಹಣ ಬಂದರೆ ಪಾಲು ಹೇಗೆ ಅನ್ನುವುದನ್ನು ಸ್ನೇಹ ಗಟ್ಟಿಯಾಗಿರುವಾಗಲೇ ಬರೆದಿಡಿ.

ಕೊನೆಗೆ ಹಳೆಯ ಸಂಘಗಳ ಕಾರ್ಯದರ್ಶಿಗಳಿಗೆ ಒಂದು ಮಾತು. ಹುಡುಗರು ಹಾಲ್ ಕೇಳಿಕೊಂಡು ಬಂದರೆ ವಾರದ ನಡುವಿನ ದಿನಗಳಿಗೆ ಬಾಡಿಗೆ ಸ್ವಲ್ಪ ಇಳಿಸಿ. ಬದಲಿಗೆ ನಿಮ್ಮ ಕಪಾಟಿನಲ್ಲಿರುವ ನಾಟಕ, ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಅವರಿಂದ ಡಿಜಿಟಲ್ ಮಾಡಿಸಿಕೊಳ್ಳಿ. ಮುಂಬೈಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಮುಂದಿನ ಮಳೆಗಾಲದೊಳಗೆ ಮುಗಿಸಿದರೆ ಒಳ್ಳೆಯದು.

ನಮಸ್ಕಾರ.