ದುಡಿದು ಓದುವವರ ನಿದ್ದೆ

ನಮಸ್ಕಾರ. ಇವತ್ತು ನಾನು ಕೆಲಸ ಮಾಡಿಕೊಂಡೇ ಡಿಗ್ರಿ ಓದುತ್ತಿರುವವರ ಜೊತೆ ಮಾತಾಡಬೇಕು. ಬೆಂಗಳೂರಿನ ಈವ್ನಿಂಗ್ ಕಾಲೇಜುಗಳಿಗೆ ಬರುವವರು, ಕ್ಲಾಸ್ ಮುಗಿಸಿ ಡೆಲಿವರಿಗೆ ಹೋಗುವವರು, ನೈಟ್ ಶಿಫ್ಟ್ ಮುಗಿಸಿ ಸೀದಾ ಪರೀಕ್ಷೆಗೆ ಕೂರುವವರು. ಸುಸ್ತಾಗಿದೆ ಅಂದರೆ ನಿಮಗೆ ಸಿಗುವುದು ಒಂದೇ ಬುದ್ಧಿಮಾತು: "ಟೈಮ್ ಮ್ಯಾನೇಜ್ ಮಾಡೋದು ಕಲಿ." ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ಕೆಲಸಕ್ಕೆ 9 ಗಂಟೆ. ಸಂಜೆ ಕ್ಲಾಸಿಗೆ 3 ಗಂಟೆ. ಮನೆ, ಕೆಲಸ, ಕಾಲೇಜು ಅಂತ ಈ ಟ್ರಾಫಿಕ್‌ನಲ್ಲಿ ಓಡಾಟಕ್ಕೆ 3 ಗಂಟೆ. ಸ್ನಾನ, ಊಟ, ಬಟ್ಟೆ ಒಗೆಯೋದು ಎಲ್ಲ ಸೇರಿ 2 ಗಂಟೆ. 17 ಆಯಿತು. ಉಳಿದದ್ದು 7. ಮನುಷ್ಯನಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ಡಾಕ್ಟರು ಹೇಳುತ್ತಾರೆ. ಹಾಗಾದರೆ ಓದೋದು ಯಾವಾಗ? ಅಮ್ಮನಿಗೆ ಫೋನ್ ಮಾಡೋದು ಯಾವಾಗ? ಎಲ್ಲದಕ್ಕೂ ನಿದ್ದೆಯನ್ನೇ ಕಡಿಯಬೇಕು, ಅಲ್ವಾ? ಯಾವ ಟೈಮ್‌ಟೇಬಲ್ ಹಾಕಿಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ.

ನಾನು ಈವ್ನಿಂಗ್ ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಏಳೂವರೆಯ ಕ್ಲಾಸಿನಲ್ಲಿ ಹುಡುಗರ ನೋಟ್‌ಬುಕ್ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಡೆಬಿಟ್ ಕಡೆ ಅಂಕಿಗಳು ದುಂಡಗೆ ಇರುತ್ತವೆ. ಕ್ರೆಡಿಟ್ ಕಡೆಗೆ ಬರುವಷ್ಟರಲ್ಲಿ ವಾಲಿರುತ್ತವೆ. ಆಮೇಲೆ ಒಂದು ಉದ್ದ ಗೆರೆ, ಪುಟದ ಅಂಚಿನವರೆಗೂ. ಅಲ್ಲಿ ನಿದ್ದೆ ಬಂದು ಪೆನ್ನು ಜಾರಿದೆ. ಅದರ ಕೆಳಗಿನ ಸಾಲಿನಿಂದ ಆ ಹುಡುಗ ಮತ್ತೆ ಬರೆಯಲು ಶುರು ಮಾಡಿರುತ್ತಾನೆ. ಇಂಥವನನ್ನು ಸೋಮಾರಿ ಅನ್ನಲು ಯಾರಿಗಾದರೂ ಬಾಯಿ ಬರುತ್ತದಾ?

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ, ಅಂದರೆ ದುಡಿದು ದುಡಿದು ಬಸವಳಿಯುವುದಕ್ಕೆ, ಮೂರು ಗುರುತು ಹೇಳಿತು. ಮೈಯಲ್ಲಿ ತ್ರಾಣ ಉಳಿಯುವುದಿಲ್ಲ, ಕೆಲಸ ಅಂದರೆ ಬೇಡ ಅನ್ನಿಸುತ್ತದೆ, ಮಾಡಿದ ಕೆಲಸವೂ ಸರಿಯಾಗುವುದಿಲ್ಲ. ಇದನ್ನು ಕಾಯಿಲೆ ಎಂದು ಆ ಸಂಸ್ಥೆ ಕರೆಯಲಿಲ್ಲ. ಕೆಲಸದ ಒತ್ತಡ ಇಳಿಯದೆ ತುಂಬ ದಿನ ಎಳೆದರೆ ಹೀಗಾಗುತ್ತದೆ ಎಂದಿತು. ದುಡಿದು ಬಂದವರಿಗೆ ಕಾಲೇಜು ಇನ್ನೊಂದು ಶಿಫ್ಟೇ.

"ನಾವೆಲ್ಲ ಬೀದಿದೀಪದ ಕೆಳಗೆ ಓದಿದವರು" ಎಂದು ಹಿರಿಯರು ಹೇಳುತ್ತಾರೆ. ಅವರ ಕಷ್ಟ ಸಣ್ಣದಲ್ಲ. ಆದರೆ ಆಗ ಎಷ್ಟೋ ಬಡ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಊಟ. ಆ ಅನ್ನ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ, ಅದನ್ನೂ ಹೇಳಲೇಬೇಕು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳಿಗೆ ಊಟ, ವಸತಿ ಉಚಿತ. ಹೊಟ್ಟೆಯ ಚಿಂತೆಯನ್ನು ಬೇರೆ ಯಾರೋ ಹೊತ್ತುಕೊಂಡಿದ್ದಕ್ಕೆ ಅಲ್ಲೆಲ್ಲ ಓದು ಸಾಗಿತು. ಇವತ್ತು ಪಿಜಿ ಬಾಡಿಗೆ, ಫೀಸು, ಊರಿಗೆ ಕಳಿಸುವ ದುಡ್ಡು, ಎಲ್ಲವನ್ನೂ 19 ವರ್ಷದ ಹುಡುಗಿ ತಾನೇ ದುಡಿಯುತ್ತಿದ್ದಾಳೆ.

ಅದಕ್ಕೇ ನನ್ನ ಮಾತು ಇಷ್ಟು: ಏನಾದರೂ ಒಂದನ್ನು ಇಳಿಸಲೇಬೇಕು, ಅದು ನಿದ್ದೆ ಆಗಬಾರದು. ರಾತ್ರಿ ಗಾಡಿ ಓಡಿಸುವವರಿಗಂತೂ ನಿದ್ದೆಗೆಡುವುದು ಜೀವಕ್ಕೇ ಅಪಾಯ. ಡಿಗ್ರಿ ಮೂರೇ ವರ್ಷಕ್ಕೆ ಮುಗಿಯಬೇಕು ಎಂಬ ಹಠ ಬೇಡ. ಎರಡು ಪೇಪರ್ ಮುಂದಿನ ಸೆಮಿಸ್ಟರ್‌ಗೆ ಉಳಿದರೆ ಉಳಿಯಲಿ. ಸ್ಕಾಲರ್‌ಶಿಪ್ ಇದ್ದರೆ ಮಾತ್ರ ಅದರ ನಿಯಮ ಮೊದಲು ನೋಡಿಕೊಳ್ಳಿ. ಕ್ಲಾಸಿಗೆ ಬರುವುದೇ ಆಗುತ್ತಿಲ್ಲವಾ? ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ಕಾಲೇಜಿನ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟ ಮಾಡಿದೆ. ಚಿಕ್ಕಪ್ಪ ಏನಂತಾರೆ, ಪಕ್ಕದ ಮನೆಯವರು ಏನಂತಾರೆ ಅನ್ನೋದನ್ನು ಬಿಡಿ. ನಿಮ್ಮ ಫೀಸು ಅವರು ಕಟ್ಟುತ್ತಿಲ್ಲ.

ವಾರಕ್ಕೆ ಒಂದು ರಜೆ ಕೊಡಲೇಬೇಕು ಎಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆ ದಿನವನ್ನು ಓವರ್‌ಟೈಮ್‌ಗೆ ಕೊಡಬೇಡಿ. ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನನ್ನ ಜೊತೆಯ ಮೇಷ್ಟ್ರುಗಳಿಗೆ, ಪ್ರಿನ್ಸಿಪಾಲರಿಗೆ ಒಂದು ಮಾತು. ಹಾಜರಾತಿ ಕಡಿಮೆಯಾದವರನ್ನು ಕರೆದು ಬೈಯುವ ಮೊದಲು ಅವರ ಶಿಫ್ಟ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿ. ಇಂಟರ್ನಲ್ಸ್ ತಾರೀಖನ್ನು ಎರಡು ವಾರ ಮೊದಲೇ ಹೇಳಿ, ಶಿಫ್ಟ್ ಬದಲಾಯಿಸಿಕೊಳ್ಳಲು ಅವರಿಗೆ ಟೈಮ್ ಸಿಗುತ್ತದೆ. ತಿಂಗಳ ಕೊನೆಯಲ್ಲಿ ಅಂಗಡಿ, ಆಫೀಸುಗಳಲ್ಲಿ ಕೆಲಸ ಜಾಸ್ತಿ, ಆಗ ಟೆಸ್ಟ್ ಇಡಬೇಡಿ. ತಪ್ಪಿಸಿಕೊಂಡವರಿಗೆ ಇನ್ನೊಂದು ಟೆಸ್ಟ್ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಮುಂದಿನ ಸ್ಟಾಫ್ ಮೀಟಿಂಗ್‌ನಲ್ಲೇ ತೀರ್ಮಾನ ಮಾಡಬಹುದು.