ಓಣಿಗೆ ಮುಖ ಮಾಡಿದ ಗೋಡೆಗಳು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಹಳೆಯ ಕಟ್ಟಡಗಳ ಮುಂಭಾಗದ ಬಗ್ಗೆ. ಬೀದಿಗೆ ಕಾಣುವ ಗೋಡೆ, ಅದರ ಬಾಗಿಲು, ಕಿಟಕಿ, ಕಟ್ಟೆ, ಸೂರು, ಇಷ್ಟೇ. ಮನೆಯ ಕಾಗದಪತ್ರ ಯಾರ ಹೆಸರಿನಲ್ಲೋ ಇರುತ್ತದೆ. ಆದರೆ ಆ ಗೋಡೆಯನ್ನು ದಿನಾ ನೋಡುವವರು ಓಣಿಯ ಜನ, ಮನೆಯವರು ಒಳಗಿರುತ್ತಾರೆ. ಹಾಗಾಗಿ ಮುಂದಿನ ಗೋಡೆಯಲ್ಲಿ ಓಣಿಗೂ ಒಂದು ಪಾಲಿದೆ ಎಂದು ನಾನು ನಂಬಿದ್ದೇನೆ. ಪಾಲಿದೆ ಅಂದ ಮೇಲೆ ಹೊಣೆಯೂ ಬರಬೇಕು ಅಲ್ವಾ? ಅದನ್ನೇ ಇವತ್ತು ಹೇಳಬೇಕು.

ಮೊದಲು ಕಟ್ಟೆಯಿಂದ ಶುರು ಮಾಡೋಣ. ನಮ್ಮ ಧಾರವಾಡದ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲಿನ ಎರಡೂ ಬದಿಗೆ ಕಟ್ಟೆ ಇರುತ್ತದೆ. ಅಂಚಿಗೆ ಉದ್ದನೆಯ ಕಲ್ಲು ಹಾಸಿರುತ್ತಾರೆ. ಕೂತು ಕೂತು ಆ ಕಲ್ಲು ನುಣುಪಾಗಿರುತ್ತದೆ. ತರಕಾರಿ ಮಾರುವವಳು ಬುಟ್ಟಿ ಇಳಿಸುವುದು ಅಲ್ಲಿ, ಮಳೆ ಬಂದರೆ ದಾರಿಹೋಕರು ನಿಲ್ಲುವುದು ಅಲ್ಲಿ, ಸಂಜೆ ಹಿರಿಯರು ಕೂರುವುದೂ ಅಲ್ಲಿ. ಜಾಗ ಮನೆಯವರದು, ಬಳಕೆ ಊರಿನದು. ಯಾರೂ ಅಪ್ಪಣೆ ಕೇಳುವುದಿಲ್ಲ. ಇಂಥ ಜಾಗವನ್ನು ಹೊಸ ಮನೆಗಳಲ್ಲಿ ನಾವು ಪೂರಾ ಕೈಬಿಟ್ಟಿದ್ದೇವೆ. ಗೇಟು, ಅದರ ಹಿಂದೆ ಬೈಕು, ಆಮೇಲೆ ಬಾಗಿಲು. ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ. ಕೆತ್ತನೆಯ ಕಂಬ ಹೋದದ್ದಕ್ಕಿಂತ ಜಾಸ್ತಿ ನಷ್ಟ.

ಇನ್ನು ಸೂರು. ಧಾರವಾಡದಿಂದ ಗದಗಿಗೆ ಹೋಗುವ ದಾರಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಹೋಗಿ. ಎಪ್ಪತ್ತೆಂಬತ್ತು ಕಿಲೋಮೀಟರಿನೊಳಗೆ ಮನೆಗಳ ಮುಖವೇ ಬದಲಾಗುತ್ತದೆ. ಧಾರವಾಡ ಮಲೆನಾಡಿನ ಅಂಚು. ಮಳೆ ಜಾಸ್ತಿ, ಹಾಗಾಗಿ ಇಳಿಜಾರು ಹಂಚಿನ ಮಾಡು, ಮುಂದಕ್ಕೆ ಚಾಚಿದ ಸೂರು. ಹಳಿಯಾಳ, ದಾಂಡೇಲಿ ಕಡೆಯ ಕಾಡು ಹತ್ತಿರ, ಹಾಗಾಗಿ ಸಾಗವಾನಿ ಕಂಬ, ತೊಲೆಗಳು. ಗದಗಿನ ಕಡೆ ಹೋದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ. ಗೋಡೆಯ ನೆತ್ತಿಯಲ್ಲಿ ಮಾಳಿಗೆಯ ನೀರು ಹೊರಗೆ ಬೀಳಲು ಒಂದು ಕೊಳವೆ. ಇವುಗಳನ್ನು ಯಾರೂ ಚೆಂದಕ್ಕೆಂದು ಮಾಡಲಿಲ್ಲ. ಮಳೆ, ಬಿಸಿಲು, ಹತ್ತಿರ ಸಿಗುವ ಸಾಮಾನು, ಇವು ಮೂರೂ ಸೇರಿ ಆ ಮುಖವನ್ನು ಮಾಡಿದವು. ಈಗ ಎರಡೂ ಕಡೆ ಒಂದೇ ಗಾಜು, ಒಂದೇ ಅಲ್ಯುಮಿನಿಯಂ ಹಲಗೆ. ಊರು ಯಾವುದೆಂದು ಹೇಳುವುದೇ ಕಷ್ಟ.

ಬಾಗಿಲಿಗೆ ಬರೋಣ. ಹಳೆಯ ವಾಡೆಗಳ, ಅಂದರೆ ದೊಡ್ಡ ಮನೆತನದ ಮನೆಗಳ, ತಲೆಬಾಗಿಲ ಮೇಲಿನ ಪಟ್ಟಿಯ ನಡುವೆ ಗಜಲಕ್ಷ್ಮಿಯೋ ಗಣಪತಿಯೋ ಇರುತ್ತಾನೆ. ಚೌಕಟ್ಟಿನ ಎರಡೂ ಬದಿಗೆ ಬಳ್ಳಿ, ಹೂವು, ಅದರೊಳಗೆ ಇನ್ನೊಂದು ಸಣ್ಣ ಪಟ್ಟಿ, ಮತ್ತೊಂದು ಪಟ್ಟಿ. ಈ ಏರ್ಪಾಡನ್ನು ಒಮ್ಮೆ ಗಮನಿಸಿ, ಆಮೇಲೆ ಲಕ್ಕುಂಡಿಗೆ ಹೋಗಿ. ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಮುಂದೆ ನಿಲ್ಲಿ. ಅದೇ ಪಟ್ಟಿಗಳ ಸಾಲು, ಅದೇ ಬಳ್ಳಿ. ಅಲ್ಲಿ ಕಲ್ಲು, ಇಲ್ಲಿ ಮರ. ಬಾದಾಮಿ, ಐಹೊಳೆಯವರ ಕೈಗೆ ಸಿಕ್ಕಿದ್ದು ಮರಳುಗಲ್ಲು. ಲಕ್ಕುಂಡಿ, ಡಂಬಳ, ಹಾವೇರಿ ಸುತ್ತಿನ ಶಿಲ್ಪಿಗಳಿಗೆ ಬಳಪದ ಕಲ್ಲು ಸಿಕ್ಕಿತು. ಅದು ನುಣುಪು, ಉಳಿಗೆ ಬಗ್ಗುತ್ತದೆ, ಹಾಗಾಗಿ ಅಷ್ಟು ಸಣ್ಣ ಕೆಲಸ ಆಯಿತು. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಸಾವಿರ ವರ್ಷದ ಆ ಪದ್ಧತಿ ನಮ್ಮ ಬಡಿಗೇರರ ಕೈಯಲ್ಲಿ ಮನೆಯ ಬಾಗಿಲವರೆಗೂ ಬಂದಿದೆ. ಇಂಥ ಬಾಗಿಲುಗಳು ಈಗ ಹಳೇ ಸಾಮಾನಿನ ವ್ಯಾಪಾರಿಗೆ ಹೋಗಿ, ಅಲ್ಲಿಂದ ಯಾವುದೋ ಊರಿನ ಹೋಟೆಲಿನ ಗೋಡೆಗೆ ಅಂಟುತ್ತಿವೆ.

ಹುಬ್ಬಳ್ಳಿಯ ಪೇಟೆಯ ಕಥೆ ಬೇರೆ. ಅಲ್ಲಿನ ಕಟ್ಟಡಗಳ ಹಿಂದೆ ಹತ್ತಿ ಇದೆ. ಅಮೆರಿಕದ ತಳಿಯನ್ನು ನಮ್ಮ ಎರೆಮಣ್ಣಿಗೆ ಒಗ್ಗಿಸಿ ಬೆಳೆದ ಹತ್ತಿಗೆ ‘ಧಾರವಾರ್ ಅಮೆರಿಕನ್’ ಎಂದೇ ಹೆಸರಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು, ಇಲ್ಲಿನ ಹತ್ತಿಗೆ ಬೆಲೆ ಏರಿತು. 1880ರ ದಶಕದಲ್ಲಿ ರೈಲು ಬಂತು. ರೈಲಿನ ಜೊತೆಗೆ ಕಬ್ಬಿಣದ ತೊಲೆ ಬಂತು, ಮಂಗಳೂರು ಹಂಚು ಬಂತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಹಣ, ಹೊಸ ಸಾಮಾನು ಎರಡೂ ಸೇರಿದ ಮೇಲೆ ಪೇಟೆಯ ಮುಖ ಎತ್ತರವಾಯಿತು. ಕೆಳಗೆ ಅಂಗಡಿ, ಮೇಲೆ ಮನೆ, ಬೀದಿಗೆ ಚಾಚಿದ ಮರದ ಗ್ಯಾಲರಿ.

ದುರ್ಗದಬೈಲಿನಲ್ಲಿ, ಜವಳಿ ಸಾಲಿನಲ್ಲಿ ನಡೆಯುವಾಗ ಕತ್ತೆತ್ತಿ ನೋಡಿ. ಅಂಗಡಿಯ ಫ್ಲೆಕ್ಸ್ ಬೋರ್ಡು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹಳೆಯ ಹುಬ್ಬಳ್ಳಿ ಶುರುವಾಗುತ್ತದೆ. ಗಾರೆಯ ಹೂವು, ಕಮಾನು, ಎರಕದ ಕಬ್ಬಿಣದ ಕಟಾಂಜನ. ಕೆಲವು ಕಟ್ಟಡಗಳ ನೆತ್ತಿಯಲ್ಲಿ ಇಸವಿ ಬರೆದಿರುತ್ತಾರೆ. 1850 ಎಂದು ಕಂಡರೆ ಅವಸರ ಮಾಡಬೇಡಿ, ಪಕ್ಕದಲ್ಲಿ ‘ಶಕೆ’, ಅಂದರೆ ಶಾಲಿವಾಹನ ಶಕ, ಎಂದಿದೆಯೇ ನೋಡಿ. ಶಕೆ ಆದರೆ 78 ಕೂಡಿಸಬೇಕು, ಆಗ ಅದು 1928ರ ಕಟ್ಟಡ.

ಧಾರವಾಡದಲ್ಲಿ ಒಂದು ಮುಖ ಎಲ್ಲರಿಗೂ ಗೊತ್ತು, ಕರ್ನಾಟಕ ಕಾಲೇಜು. ಅದು ಕಾಲೇಜಿಗೆಂದು ಕಟ್ಟಿದ್ದಲ್ಲ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಅದು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಕಚೇರಿ ಮದ್ರಾಸಿಗೆ ಹೋಯಿತು. 1917ರಲ್ಲಿ ಶುರುವಾದ ಕಾಲೇಜಿಗೆ ಮುಂದೆ ಆ ಕಟ್ಟಡ ಸಿಕ್ಕಿತು. ರೈಲ್ವೆ ಹೋಯಿತೆಂದು ಯಾರೂ ಅದನ್ನು ಕೆಡವಲಿಲ್ಲ. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ಹೇಗೆ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯ, ಸಿಮೆಂಟು. ಒಳ್ಳೆಯ ಮನಸ್ಸಿನಿಂದಲೇ ಜನ ಹಳೆಯ ಗೋಡೆಯನ್ನು ಹಾಳು ಮಾಡುತ್ತಿದ್ದಾರೆ. ಹಳೆಯ ಗೋಡೆ ಕಲ್ಲು, ಮಣ್ಣು, ಸುಣ್ಣದ್ದು. ನೆಲದ ತೇವ ಅದರೊಳಗೆ ಏರುತ್ತದೆ, ಸುಣ್ಣದ ಗಿಲಾವಿನ ಮೂಲಕ ಹೊರಗೆ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಹಾಕಿದಿರೋ, ತೇವಕ್ಕೆ ಹೊರಗೆ ದಾರಿ ಇಲ್ಲ. ಧಾರವಾಡದ ಒಂದು ಓಣಿಯಲ್ಲಿ ನಾನು ನೋಡಿದ ಗೋಡೆಯನ್ನೇ ಹೇಳುತ್ತೇನೆ. ಕೆಳಗೆ ಒದ್ದೆ ಹಿಡಿದಿದೆ ಅಂತ ಮೂರಡಿ ಎತ್ತರಕ್ಕೆ ಸಿಮೆಂಟು ಬಳಿದಿದ್ದರು. ಒದ್ದೆ ನಿಂತಿರಲಿಲ್ಲ. ಸಿಮೆಂಟಿನ ಅಂಚು ದಾಟಿ ಮೇಲಕ್ಕೆ ಹೋಗಿತ್ತು. ಅಲ್ಲಿ ಬಿಳಿ ಉಪ್ಪು ಹರಳುಗಟ್ಟಿ, ಬೆರಳಿಂದ ಮುಟ್ಟಿದರೆ ಗೋಡೆ ಪುಡಿಪುಡಿಯಾಗಿ ಉದುರುತ್ತಿತ್ತು. ಒಳಗೆ ನೋಡಿದರೆ ಬಾಗಿಲ ಚೌಕಟ್ಟಿನ ಕಾಲು ಕೊಳೆಯಲು ಶುರುವಾಗಿತ್ತು. ಮನೆಯವರು ಪಾಪ, ಇನ್ನೂ ಎರಡಡಿ ಸಿಮೆಂಟು ಹಾಕಿಸಬೇಕು ಅಂದುಕೊಂಡಿದ್ದರು.

ಮಾಡಬೇಕಾದದ್ದು ಇದರ ಉಲ್ಟಾ. ಸಿಮೆಂಟನ್ನು ಹುಷಾರಾಗಿ ಕಿತ್ತು, ಗೋಡೆ ಆರಲು ಬಿಟ್ಟು, ಸುಣ್ಣದ ಗಾರೆಯನ್ನೇ ಹಾಕಬೇಕು. ನೆನೆಸಿಟ್ಟ ಸುಣ್ಣ, ಮರಳು, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಈ ಕೆಲಸ ಬಲ್ಲ ಹಿರಿಯ ಗೌಂಡಿಗಳು ನಮ್ಮ ಸುತ್ತ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡಿ, ಜೊತೆಗೆ ಒಬ್ಬ ಹುಡುಗನನ್ನು ಕಲಿಯಲು ಹಚ್ಚಿ.

ಮನೆ ಒಡೆಯರ ಕಷ್ಟ ನನಗೆ ಗೊತ್ತು. ಅಣ್ಣತಮ್ಮಂದಿರು ಪಾಲಾದಾಗ ವಾಡೆಯ ಮುಖವೂ ಪಾಲಾಗುತ್ತದೆ. ಅರ್ಧಕ್ಕೆ ಹಸಿರು ಬಣ್ಣ, ಇನ್ನರ್ಧ ಕೆಡವಿ ಕಾಂಕ್ರೀಟು. ರಸ್ತೆ ಅಗಲವಾದಾಗ ಹತ್ತಡಿ ಹೋಗುತ್ತದೆ. ಮೊದಲು ಹೋಗುವುದು ಕಟ್ಟೆ, ಆಮೇಲೆ ಬಾಗಿಲು. ಉಳಿದ ಗೋಡೆಯ ಮೇಲೆ ಒಳಮನೆಯ ಗೂಡು, ದೀಪದ ಮಸಿ ಬೀದಿಗೆ ಕಾಣುತ್ತಾ ನಿಲ್ಲುತ್ತವೆ. ಇದಕ್ಕೆಲ್ಲ ಒಬ್ಬ ಒಡೆಯನನ್ನು ಬೈದು ಪ್ರಯೋಜನವಿಲ್ಲ.

ಕಾನೂನು ಇದೆ, ಆದರೆ ಅದು ನಿಲ್ಲುವುದು ಗುಡಿಗಳ ಹತ್ತಿರ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಓಣಿಯ ವಾಡೆಗೆ ಆ ರಕ್ಷಣೆ ಇಲ್ಲ. 1956ರವರೆಗೆ ನಾವು ಇದ್ದದ್ದು ಮುಂಬೈ ಆಡಳಿತದಲ್ಲಿ. ಅದೇ ಮುಂಬೈ 1995ರಲ್ಲಿ ಹಳೆಯ ಕಟ್ಟಡಗಳ ಪಟ್ಟಿ ಮಾಡಿ, ದರ್ಜೆ ಕೊಟ್ಟು, ನಿಯಮ ತಂದಿತು. ಅಂಥ ಪಟ್ಟಿ ನಮ್ಮ ಹಳೆಯ ಓಣಿಗಳಿಗೂ ಬೇಕು. ಮುಂದಿನ ಗೋಡೆ ಉಳಿಸಿಕೊಂಡವರಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿಯೂ ಬೇಕು. ಓಣಿಗೆ ಪಾಲಿದೆ ಅಂದೆನಲ್ಲ, ಖರ್ಚಿನಲ್ಲೂ ಪಾಲು ಕೊಡಬೇಕು.

ಮುಖ ಒಂದನ್ನು ಉಳಿಸಿ ಹಿಂದೆ ಹೊಸದು ಕಟ್ಟಿದರೆ ಸಾಕೇ ಅಂತ ಕೇಳುತ್ತಾರೆ. ಪಡಸಾಲೆ, ಅಂಕಣ (ಕಂಬದ ಸಾಲುಗಳ ನಡುವಿನ ಜಾಗ) ಎಲ್ಲ ಹೋಗಿ ಗೋಡೆ ಮಾತ್ರ ಉಳಿದರೆ ನನಗೆ ಸಂಕಟವೇ. ಆದರೆ ಪೂರಾ ಕೆಡವುವುದೊಂದೇ ದಾರಿ ಅನ್ನುವ ಮನೆಗೆ ನಾನು ಅದನ್ನೇ ಹೇಳುತ್ತೇನೆ: ಕಟ್ಟೆ, ಬಾಗಿಲು, ಮುಂದಿನ ಒಂದು ಅಂಕಣ ಉಳಿಸಿ, ಹಿಂದೆ ನಿಮಗೆ ಬೇಕಾದಂತೆ ಕಟ್ಟಿಕೊಳ್ಳಿ. ಅದೂ ಆಗದಿದ್ದರೆ ಕೆಡವುವ ಮೊದಲು ಎದುರಿಗೆ ನೆಟ್ಟಗೆ ನಿಂತು ಫೋಟೋ ತೆಗೆಯಿರಿ, ಬಾಗಿಲು ಕಿಟಕಿಗಳ ಅಳತೆ ಬರೆದಿಡಿ.

ಅಂಗಡಿ ಇರುವವರಿಗೆ ಒಂದು ಮಾತು. ಬೋರ್ಡು ಹಾಕುವಾಗ ಕಮಾನು, ಇಸವಿ ಬರೆದ ಜಾಗ ಮುಚ್ಚದಂತೆ ಬಾಗಿಲ ಅಗಲಕ್ಕಷ್ಟೇ ಹಾಕಿ. ಮೊಳೆಯನ್ನು ಕಲ್ಲಿಗೆ ಹೊಡೆಯಬೇಡಿ, ಎರಡು ಕಲ್ಲುಗಳ ನಡುವಿನ ಸಂದಿಗೆ ಹೊಡೆಯಿರಿ. ನಾಳೆ ಬೋರ್ಡು ತೆಗೆದರೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬಬಹುದು, ಒಡೆದ ಕಲ್ಲನ್ನು ಸರಿಮಾಡಲು ಆಗುವುದಿಲ್ಲ.